ಒಂದು ರೆ

ಸೋಹಾರ್ ಬಂದರಿನ ಹಿಂದೆ, ಕ್ಯಾಂಪಿನ ಹದಿನಾರನೇ ರೂಮಿನಲ್ಲಿ
ಶುಕ್ರವಾರ ಮಧ್ಯಾಹ್ನ ನನ್ನದೊಂದು ಅಂಗಡಿ.
ಮಾರಲು ಏನೂ ಇಲ್ಲ.
ಮಂಚದ ತುದಿಗೆ ಕೂತು, ಕನ್ನಡಕ ಏರಿಸಿ
ಇವರ ಫೋನುಗಳ ಕನ್ನಡ ತಿದ್ದುತ್ತೇನೆ.
ಫೀಸು ಒಂದು ಸುಲೇಮಾನಿ, ಸಕ್ಕರೆ ಕಮ್ಮಿ.

ಗದಗಿನ ಅಚ್ಚುಕೂಟದಲ್ಲಿ ಹನ್ನೊಂದು ವರ್ಷ ಮೊಳೆ ಜೋಡಿಸಿದವನು ನಾನು,
ಕನ್ನಡಿಯೊಳಗಿನ ಹಾಗೆ ತಿರುಗಿ ನಿಂತ ಅಕ್ಷರ ಓದಿದವನು;
ಇಲ್ಲಿಯ ಅರಬ್ಬಿ ಬೋರ್ಡುಗಳಿಗೆ ಹಾಗಾಗಿ ಹೆದರಲಿಲ್ಲ.
ಆಗ ಅಕ್ಷರಕ್ಕೆ ತೂಕವಿತ್ತು.
ಕೈಜಾರಿದರೆ ಕಾಲಿನ ಮೇಲೇ ಬೀಳುತ್ತಿತ್ತು ಸೀಸ.
ಈಗಿನವು ಗಾಜಿನ ಮೇಲಿನ ನೆರಳು, ಬಿದ್ದರೆ ಸದ್ದಿಲ್ಲ,
ಬಿದ್ದದ್ದು ಗೊತ್ತಾಗುವುದು ಊರು ಮುಟ್ಟಿದ ಮೇಲೆ.

"ಹಣ ಕಳಿಸಿದೆ" ಎಂದು ಬರೆಯಹೋಗಿ
ಗುಡಿಸು ಮರೆತು "ಹಣ ಕಳಿಸದೆ" ಎಂದು ಒತ್ತಿದ ಒಬ್ಬ.
ಆ ಮನೆಯಲ್ಲಿ ಮರುದಿನದ ತನಕ ಯಾರೂ ಮಲಗಲಿಲ್ಲ.

ಸಂಗನಬಸು ಬಂದದ್ದು ಸೋಮವಾರ, ಅಂಗಡಿ ಇಲ್ಲದ ದಿನ,
ಶಿಫ್ಟು ಮುಗಿಸಿ, ಕವರಾಲ್ ಕೂಡ ಬಿಚ್ಚದೆ.
ಸಿಂದಗಿಯ ಕಡೆಯವ, ವೆಲ್ಡರು.
ಎಂಟು ತಿಂಗಳ ಹಿಂದೆ ಮದುವೆ, ಆರು ತಿಂಗಳ ಹಿಂದೆ ವಿಮಾನ.
"ಕಾಕಾ, ಮೂರು ದಿನ ಆತು. ನೀಲಿ ಗೆರಿ ಬಿದ್ದಾವ, ಮಾತಿಲ್ಲ."

ಅವನು ಬರೆದದ್ದು ಒಂದೇ ಸಾಲು, ರಾತ್ರಿಪಾಳಿಯ ನಡುವೆ
ಕೈಗವಸು ಹಲ್ಲಿನಿಂದೆಳೆದು, ಯಾರೂ ನೋಡದ ಹಾಗೆ:
"ನಿನ್ನ ಬಿಟ್ಟಿರಲಾ"
ಕೆಳಗೆ ಏಳನೇ ಇಯತ್ತೆ ಪಾಸಾದ ಭೌರಮ್ಮ:
"ನಿಮ್ಮಿಷ್ಟ."

ಆ ಪೂರ್ಣವಿರಾಮ ಕಂಡು ನನ್ನೆದೆ ಧಸಕ್ಕೆಂದಿತು.
ಇಡೀ ಕ್ಯಾಂಪಿನಲ್ಲಿ ಯಾರೂ ಹಾಕದ ಚುಕ್ಕೆ,
ಬಾಗಿಲಿಗೆ ಬಡಿದ ಅಗುಳಿಯಂಥದ್ದು.

"ಏನು ಬರಿಯಬೇಕಂದಿದ್ದೆ?"
ಗೋಡೆ ಕಡೆ ತಿರುಗಿ ಬಾಯಲ್ಲಿ ಹೇಳಿದ.
ಕೊನೆಯಲ್ಲಿ ಒಂದು ರೆ ಇತ್ತು.
ಇದ್ದರೆ, ಬಿಟ್ಟಿರಲಾರೆ.
ಇಲ್ಲದಿದ್ದರೆ
ಗಂಡನೊಬ್ಬ ಬಿಡಲು ಅಪ್ಪಣೆ ಕೇಳುತ್ತಿದ್ದಾನೆ.

"ಫೋನ್ ಮಾಡೋ ಹುಚ್ಚಾ."
"ಎತ್ತವಲ್ಲಳು."

ತಿದ್ದಿ ಕೆಟ್ಟವನೂ ಹೌದು ನಾನು.
ಹೋದ ವರ್ಷ ಕ್ರೇನಿನ ಇದಿನಬ್ಬ ನಿದ್ದೆಯಲ್ಲೇ ಹೋದಾಗ
ಅಡುಗೆಯ ಮೋನಪ್ಪ ಎಲ್ಲರಿಗೂ ಕಳಿಸಿದ: "ಬಾವಪೂರ್ಣ ಶ್ರದ್ದಾಂಜಲಿ."
ಎರಡು ತಪ್ಪು, ಎಂದು ಎಲ್ಲರೆದುರೇ ಬರೆದೆ.
ಬ ಅಲ್ಲ ಭ. ದ್ದ ಅಲ್ಲ ದ್ಧ.
ಮೋನಪ್ಪ ಉತ್ತರ ಕೊಡಲಿಲ್ಲ.
ರಾತ್ರಿ ನೋಡಿದರೆ ಇದಿನಬ್ಬನ ತಟ್ಟೆಗೂ ಅನ್ನ ಬಡಿಸಿ ಇಟ್ಟಿದ್ದ,
ಮೀನಿನ ತಲೆ ಸಮೇತ, ಅವನಿಗೆ ಸೇರುತ್ತಿದ್ದ ಹಾಗೆ.
ಭಾವ ತಟ್ಟೆ ತುಂಬ ಇತ್ತು.
ಬ ಎಂಬುದರ ಹೊಟ್ಟೆ ಸೀಳಿರಲಿಲ್ಲ, ಅಷ್ಟೆ.
ಅಂದಿನಿಂದ ಕೇಳಿದವರಿಗೆ ಮಾತ್ರ ತಿದ್ದುತ್ತೇನೆ,
ಪಿಸುಮಾತಲ್ಲಿ, ನಾಡಿ ಹಿಡಿದವರ ಹಾಗೆ.

"ಉದ್ದಕ ಬರೀಲೇನ ಕಾಕಾ, ತಪ್ಪಾತು ಅಂತ?"
"ಬೇಡ. ಬಿದ್ದದ್ದಷ್ಟೇ ಎತ್ತಿಕೊಡು."

ಹೆಬ್ಬೆರಳು ಸುಟ್ಟು ಸುಟ್ಟು ಗೆರೆಯೇ ಅಳಿಸಿದ ಕೈ,
ಗಾಜು ಅದನ್ನು ಗುರುತಿಸುತ್ತಿರಲಿಲ್ಲ.
ಮೂರನೇ ಸಲಕ್ಕೆ ರ ಬಂತು. ಅದಕ್ಕೊಂದು ಏತ್ವ.
ಮುಂದೆ ಮಾತಿಲ್ಲದೆ, ಹಿಂದೆ ಮಾತಿಲ್ಲದೆ
ರೆ
ಕಡಲು ದಾಟಿತು.

ಎಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.
ನಮಗಿಂತ ಒಂದೂವರೆ ತಾಸು ಮುಂದೆ ಸಿಂದಗಿ,
ಅಲ್ಲಿ ಹನ್ನೊಂದು ಹೊಡೆದಿರಬೇಕು.
ಬರೆಯುತ್ತಿದ್ದಾಳೆ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು.
ಆಮೇಲೆ ಒಂದೇ ಉಸಿರಿಗೆ, ಎಲ್ಲೂ ಚುಕ್ಕೆಯಿಲ್ಲದೆ:

"ಮೂರ ದಿನ ಉಂಡಿಲ್ಲ ನಾ ಸಾಲಿ ಕಲ್ತಿಲ್ಲೇನ ನೀವು ಇನ್ನೊಂದ ಸಲ
ನೋಡಿ ಬರೀರಿ ಈಗ ಉಣ್ತಿನಿ ನಿಮ್ಮ ಬೌರಿ"

ಬ. ಸೀಳಿಲ್ಲದ ಬ, ಅದೂ ತನ್ನದೇ ಹೆಸರಿಗೆ.
ಸಂಗನಬಸು ಫೋನು ನನ್ನ ಮುಖಕ್ಕೆ ಹಿಡಿದ:
"ಬರೋಬ್ಬರಿ ಐತಿ ಹೌದಿಲ್ರಿ ಕಾಕಾ?"

ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ
ಐತಿ, ಅಂದೆ.